ಉಳಿಸಿದ್ದೇ ತಪ್ಪಾಯ್ತಾ?



ಇವತ್ತು ಡಿಸೆಂಬರ್ 14, 2023. ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ವಿದ್ಯುತ್ ಉಳಿಸಿ ಅಂತ ಇವತ್ತು ಎಲ್ಲರೂ ಹೇಳ್ತಾರೆ. ನಾನು ಒಂದು ಮನೆಯ ಲೆಕ್ಕ ಹೇಳ್ತೀನಿ. ಅದು ನಮ್ಮಮ್ಮನ ಮನೆ.

ಕೋಣೆಯಿಂದ ಹೊರಗೆ ಕಾಲಿಟ್ಟರೆ "ಫ್ಯಾನ್ ಆರಿಸಿದ್ಯಾ?" ಅಂತ ಕೇಳುವವರು ನಮ್ಮಮ್ಮ. ತಿಂಗಳಿಗೆ ಸರಾಸರಿ 60 ಯೂನಿಟ್, ಅಷ್ಟೇ. ಗೃಹಜ್ಯೋತಿ ಬಂದಾಗ 200 ಯೂನಿಟ್ ಉಚಿತ ಅಂದುಕೊಂಡರು. ಆದರೆ ನಿಯಮ ಏನು? 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಅಮ್ಮನಿಗೆ ಸಿಕ್ಕಿದ್ದು 66 ಯೂನಿಟ್. ಪಕ್ಕದ ಮನೆಯವರು 180 ಉರಿಸ್ತಿದ್ದರು, ಅವರಿಗೆ 198. ಅಮ್ಮ ಫೋನಿನಲ್ಲಿ ಕೇಳಿದರು: "ಉಳಿಸಿದ್ದೇ ತಪ್ಪಾಯ್ತಾ ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಿತಿ ಇಟ್ಟಿದ್ದು ತಪ್ಪಲ್ಲ. ಇಲ್ಲದಿದ್ದರೆ ಎಲ್ಲರೂ 200ರವರೆಗೆ ಓಡ್ತಿದ್ದರು. ಬಡವರ ಮನೆಯ ಬಿಲ್ ಸೊನ್ನೆಯಾಗಿದ್ದು ಸಂತೋಷವೇ. ಆದರೆ ಪಕ್ಕದ ಮನೆಯವರು 100 ಬಳಸಿದರೂ ಬಿಲ್ ಸೊನ್ನೆ, 198 ಬಳಸಿದರೂ ಸೊನ್ನೆ. ಮತ್ತೆ ಯಾಕೆ ಉಳಿಸಬೇಕು?

ಯಾಕೆ ಅಂದರೆ, ಉಚಿತ ಆಗಿರೋದು ಬಿಲ್, ಕರೆಂಟ್ ಅಲ್ಲ. ಆ ದುಡ್ಡನ್ನ ನಮ್ಮ ತೆರಿಗೆಯಿಂದಲೇ ಸರ್ಕಾರ ಕಟ್ಟುತ್ತೆ. ಈ ವರ್ಷ ಮಳೆ ಕೈಕೊಟ್ಟಿತು. ಶರಾವತಿಯ ಲಿಂಗನಮಕ್ಕಿ ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ರೈತರು "ಪಂಪ್‌ಸೆಟ್‌ಗೆ 7 ಗಂಟೆ ಕರೆಂಟ್ ಕೊಡಿ" ಅಂತ ಬೀದಿಗಿಳಿದರು. ಕರೆಂಟ್ ಸಾಲದೇ ಹೋದಾಗ ಮೊದಲು ಒಣಗೋದು ನಮ್ಮ ಹಾಲ್ ಅಲ್ಲ, ಅವರ ಹೊಲ.

ನಾನು ಓದಿದ್ದು ಇಂಜಿನಿಯರಿಂಗ್, ಸ್ವಲ್ಪ ಲೆಕ್ಕ ಹಾಕೋಣ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಐವತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮನೆಗೆರಡು ಫ್ಯಾನ್ ಬದಲಾಗಿ, ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 1,350 ಯೂನಿಟ್ ಉಳಿತಾಯ. ಒಂದು ಮನೆಯಲ್ಲಿ ಇದು ಕಾಣಲ್ಲ. ಐವತ್ತು ಮನೆ ಸೇರಿದರೆ ಕಾಣುತ್ತೆ.

ಬಿಲ್ ಸೊನ್ನೆ ಇರೋವಾಗ ಹೊಸ ಫ್ಯಾನ್ ಯಾರು ಕೊಳ್ತಾರೆ ಅಂತೀರಾ? ಸರಿ, ಲಿಫ್ಟು, ನೀರಿನ ಮೋಟಾರು, ಮೆಟ್ಟಿಲ ದೀಪದಿಂದ ಶುರು ಮಾಡಿ. ಆ ಬಿಲ್ ಮೇಂಟೆನೆನ್ಸ್ ಹೆಸರಲ್ಲಿ ಎಲ್ಲರ ಜೇಬಿನಿಂದಲೇ ಹೋಗುತ್ತೆ. ಪ್ರತಿ ತಿಂಗಳು ಆ ಮೀಟರಿನ ರೀಡಿಂಗ್ ಬರೆದು ಲಿಫ್ಟಿನೊಳಗೆ ಅಂಟಿಸಿ. ಕಳೆದ ವರ್ಷದ ಇದೇ ತಿಂಗಳ ಅಂಕಿ ಪಕ್ಕದಲ್ಲಿರಲಿ. ಟ್ಯಾಂಕ್ ತುಂಬಿದ ಮೇಲೂ ಓಡುವ ಮೋಟಾರಿಗೆ ಆಟೋಮ್ಯಾಟಿಕ್ ಸ್ವಿಚ್ ಹಾಕಿಸಿ. ಬೆಳಗ್ಗೆ, ಸಂಜೆ ಬೇಡಿಕೆ ಹೆಚ್ಚಿರುವ ಹೊತ್ತಲ್ಲಿ ಮೋಟಾರು ಬೇಡ, ಮಧ್ಯಾಹ್ನ ಓಡಿಸಿ. ಹಳ್ಳಿಯಲ್ಲಿದ್ದೀರಾ? ಹಗಲಲ್ಲೂ ಉರಿಯುವ ಬೀದಿದೀಪದ ಬಗ್ಗೆ ಗ್ರಾಮಸಭೆಯಲ್ಲಿ ಕೇಳಿ.

ಸರ್ಕಾರಕ್ಕೂ ಒಂದು ಮಾತು. ತನ್ನ ಮಿತಿಗಿಂತ ಕಡಿಮೆ ಬಳಸಿದ ಮನೆಗೆ ಏನಾದರೂ ಕೊಡಿ. ಅದು ಸಣ್ಣ ಮೊತ್ತವಾದರೂ ಪರವಾಗಿಲ್ಲ, ಉಳಿಸಿದವರನ್ನು ಗುರುತಿಸಿದ ಹಾಗಾಗುತ್ತೆ.

ಅಮ್ಮ ಈಗಲೂ ಸ್ವಿಚ್ ಆರಿಸ್ತಾರೆ. ನೀವೂ ಆರಿಸಿ. ಈ ಕಾರ್ಯಕ್ರಮ ಮುಗಿದ ಮೇಲೆ ನೋಡೋರಿಲ್ಲದಿದ್ದರೆ ಟಿವಿಯನ್ನೂ ಆರಿಸಿ. ನಮ್ಮ ಚಾನೆಲ್‌ನವರು ಬೈದರೆ ನಾನು ಬೈಸಿಕೊಳ್ತೀನಿ.