ಜಯಮಂಗಲಿಯ ಸೊನ್ನೆ, ದುರ್ಗದ ಅರ್ಕಾವತ್ತು

ಕೊರಟಗೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಚನ್ನರಾಯನದುರ್ಗವೂ ಒಂದು. ಬಾಯಿಬಿಟ್ಟು ಹೇಳಿ ಬೆರಳು ಮಡಿಸಿದರೆ ಆ ಹೆಸರಿನಲ್ಲಿ 7 ಅಕ್ಷರ: ಚ, ನ್ನ, ರಾ, ಯ, ನ, ದು, ರ್ಗ. ಒಂದನೆಯ ತರಗತಿಯ ಮಗುವಿಗೂ ಇದರಲ್ಲಿ ತಕರಾರಿಲ್ಲ. ಅದೇ ಹೆಸರನ್ನು ಕಂಪ್ಯೂಟರಿಗೆ ಕೊಟ್ಟು ಎಷ್ಟು ಅಕ್ಷರ ಎಂದು ಕೇಳಿದರೆ 13 ಎನ್ನುತ್ತದೆ. ಒತ್ತು, ಕೊಂಬು, ದೀರ್ಘ, ಹಲಂತ ಎಲ್ಲವೂ ಅದರ ಲೆಕ್ಕದಲ್ಲಿ ಬಿಡಿಬಿಡಿ ಆಸಾಮಿಗಳು. ಒಳಗೆ ಹಿಡಿದ ಜಾಗ ಎಷ್ಟೆಂದರೆ 39 ಬೈಟ್. ಹೆಸರಿಗೆ 20 ಬೈಟ್ ಸಾಕೆಂದು ಯಾರೋ ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮೂನೆ ಮಾಡಿದ್ದರೆ ‘ಚನ್ನರಾ’ ಎಂಬಲ್ಲಿಗೆ ಊರು ತುಂಡಾಗುತ್ತದೆ. ಮುಂದಿನ ಯಕಾರ ಅರ್ಧಕ್ಕೆ ಮುರಿದು ಒಂದು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ದುರ್ಗವಂತೂ ಮಾಯ.

ಇಂಥ ಸಣ್ಣ ಅವಘಡಗಳೂ ಅವುಗಳನ್ನು ಸರಿಪಡಿಸಿಕೊಳ್ಳುವ ಬಗೆಯೂ ಇಲ್ಲಿನ ವಿಷಯ. ಗಣಕದ ಮಂದಿ ಸ್ಕ್ರಿಪ್ಟ್ ಎನ್ನುವುದು ದೊಡ್ಡ ತಂತ್ರಾಂಶವನ್ನಲ್ಲ, ಹತ್ತಿಪ್ಪತ್ತು ಸಾಲಿನ ಪುಟ್ಟ ಆಜ್ಞಾಪಟ್ಟಿಯನ್ನು. ಸಾವಿರ ಹೆಸರುಗಳನ್ನು ಅಕಾರಾದಿಗೆ ತರುವುದು, ಎರಡು ಪಟ್ಟಿಗಳನ್ನು ತಾಳೆ ನೋಡುವುದು, ಹಳೆಯ ಕಡತವನ್ನು ಹೊಸ ರೂಪಕ್ಕೆ ಹಾಕುವುದು ಇವೆಲ್ಲ ಅದರ ಕೆಲಸ. ಅಮೆರಿಕದ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್, ಡಚ್ಚರ ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಇಂಥ ಚಿಲ್ಲರೆ ಕೆಲಸಗಳಿಗೆ ಹೆಸರಾದ ಭಾಷೆಗಳು. ಇಂಗ್ಲಿಷಿನಲ್ಲಿ ಲಿಪಿಗೂ ಸ್ಕ್ರಿಪ್ಟ್ ಎಂದೇ ಹೆಸರು. ಕನ್ನಡದ ಮಟ್ಟಿಗೆ ತೊಂದರೆಗಳೆಲ್ಲ ಹುಟ್ಟುವುದು ಈ ಎರಡು ಸ್ಕ್ರಿಪ್ಟುಗಳ ಜಗಳದಿಂದಲೇ.

ಜಗಳದ ಮೂಲ ಹಳೆಯದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆಂದು ಇದ್ದದ್ದು 256 ಮನೆ. ಅದರಲ್ಲಿ ಅರ್ಧವನ್ನು ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳು ಮೊದಲೇ ಹಿಡಿದಿದ್ದವು. ಉಳಿದರ್ಧದಲ್ಲಿ ಯುರೋಪಿನ ಭಾಷೆಗಳ ಅಕ್ಷರಗಳು ಕೂತಿದ್ದವು. ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರ ಯೂನಿಕೋಡಿನಲ್ಲಿ. ಅದು ದಿನಬಳಕೆಗೆ ಬರಲು ಮತ್ತೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕನ್ನಡಿಗರು ಬಾಡಿಗೆ ಮನೆಯಲ್ಲೇ ಸಂಸಾರ ಮಾಡಿದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವು ಕನ್ನಡದ ಅಕ್ಷರಗಳನ್ನು ತುಂಡುತುಂಡು ಮಾಡಿ ಪರಕೀಯ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಆ ಸಂಕೇತದಲ್ಲಿ ನಕಾರದ ಒಡಲು ಬ್ರಿಟನ್ನಿನ ಪೌಂಡ್ ಹಣದ ಗುರುತು. ನಕಾರದ ಒತ್ತು ಜರ್ಮನ್ನರ ಒಂದು ಸಕಾರ. ಅರ್ಕಾವತ್ತು ಐಸ್‌ಲ್ಯಾಂಡಿನವರ ಒಂದು ಅಕ್ಷರ. ‘ಹಳ್ಳಿ’ಯ ನಡುವೆ ಬರುವ ‘ಳಿ’ ಅರ್ಧ ಎಂಬ ಭಿನ್ನರಾಶಿ! ಹಾಗೆಂದು ಆ ತಂತ್ರಾಂಶಗಳನ್ನು ಹಳಿಯುವುದು ಕೃತಘ್ನತೆ. ಒಂದಿಡೀ ತಲೆಮಾರು ಕನ್ನಡ ಟೈಪು ಮಾಡಲು ಕಲಿತದ್ದು ಅವುಗಳ ಮೇಲೆಯೇ. ಇಂದಿಗೂ ಡಿಟಿಪಿ ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಸಂಘಸಂಸ್ಥೆಗಳ ಬೀರುಗಳಲ್ಲಿ ಆ ಕಾಲದ ಕಡತಗಳು ರಾಶಿ ಬಿದ್ದಿವೆ.

ಅವುಗಳನ್ನು ಯೂನಿಕೋಡಿಗೆ ತರುವ ಸ್ಕ್ರಿಪ್ಟ್ ಬರೆಯಲು ಕೂತವರಿಗೆ ಮೊದಲ ಅರ್ಧ ಗಂಟೆ ಬಹಳ ಸುಲಭ ಎನಿಸುತ್ತದೆ. ಪೌಂಡ್ ಗುರುತು ಕಂಡಲ್ಲಿ ನ ಹಾಕು, ಜರ್ಮನ್ ಸಕಾರ ಕಂಡಲ್ಲಿ ನಕಾರದ ಒತ್ತು ಹಾಕು, ಇಷ್ಟೇ ತಾನೆ? ಅರ್ಕಾವತ್ತು ಬಂದಾಗ ಕೈ ನಿಲ್ಲುತ್ತದೆ. ಕಣ್ಣಿಗೆ ಅರ್ಕಾವತ್ತು ಕಾಣುವುದು ಗಕಾರದ ಬಲಕ್ಕೆ, ಉಚ್ಚಾರದಲ್ಲಿ ರೇಫ ಬರುವುದು ಗಕಾರಕ್ಕೆ ಮೊದಲು. ಹಳೆಯ ಫಾಂಟು ಕಣ್ಣನ್ನು ನಂಬಿತ್ತು, ಯೂನಿಕೋಡು ಕಿವಿಯನ್ನು ನಂಬುತ್ತದೆ. ಇದ್ದಲ್ಲೇ ಬದಲಿಸಿದರೆ ಚನ್ನರಾಯನದುರ್ಗ ‘ಚನ್ನರಾಯನದುಗರ್’ ಆಗುತ್ತದೆ, ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಈ ಎರಡನೆಯ ರೂಪವನ್ನು ಓದುಗರು ಎಲ್ಲಾದರೂ ಕಂಡೇ ಇರುತ್ತಾರೆ. ಟೈಪು ಮಾಡಿದವರ ಅಜ್ಞಾನವೆಂದು ಬೈದೂ ಇರುತ್ತಾರೆ. ಅನೇಕ ಸಲ ಅದು ಯಾರದೋ ಸ್ಕ್ರಿಪ್ಟಿನ ಅವಸರ. ‘ಹಳ್ಳಿ’ಯದೂ ಇದೇ ಪಾಡು. ಹಳೆಯ ಕಡತದಲ್ಲಿ ಗುಡಿಸು ಮೊದಲು, ಒತ್ತು ಆಮೇಲೆ. ಹೊಸದರಲ್ಲಿ ಒತ್ತು ಮೊದಲು, ಗುಡಿಸು ಆಮೇಲೆ. ಹೊಳವನಹಳ್ಳಿ, ಗೊರವನಹಳ್ಳಿ ಎಂದು ತಾಲ್ಲೂಕಿನ ಊರುಗಳು ಸಾಲುಗಟ್ಟಿ ನಿಂತಿರುವಾಗ ಇದನ್ನು ಬಿಟ್ಟರೆ ಪಟ್ಟಿ ಪೂರ್ತಿ ಹಾಳು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಜಯಮಂಗಲಿ ನದಿಯ ಹೆಸರಿನಲ್ಲಿದೆ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿ ಸೀಮೆಯಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಈ ಹೊಳೆಯ ಹೆಸರಿನಲ್ಲಿ ಯಕಾರವೂ ಇದೆ, ಸೊನ್ನೆಯೂ ಇದೆ. ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಸೊನ್ನೆಗೆ ಇಂಗ್ಲಿಷಿನ ದೊಡ್ಡ ಎ. ಯಕಾರಕ್ಕೆ ನಾಲ್ಕು ತುಂಡು, ಅದರಲ್ಲಿ ಮೊದಲನೆಯದು ಅದೇ ದೊಡ್ಡ ಎ. ಸ್ಕ್ರಿಪ್ಟು ಸೊನ್ನೆಯನ್ನು ಮೊದಲು ಬದಲಿಸಿತೋ, ಯಕಾರದ ತಲೆ ಹಾರಿಹೋಗುತ್ತದೆ. ಜಕಾರದ ಪಕ್ಕದಲ್ಲಿ ಬೇಡದ ಸೊನ್ನೆ ಕೂರುತ್ತದೆ, ಅದರ ಹಿಂದೆ ಒಂದು ಅನಾಥ ಇಂಗ್ಲಿಷ್ ಐ ಉಳಿಯುತ್ತದೆ. ಮಕಾರದ ಕಥೆಯೂ ಹೀಗೆಯೇ. ಅದರ ಒಡಲು ವಕಾರದ್ದು, ಬಾಲ ಕೊಂಬಿನದು. ವಕಾರಕ್ಕೆ ಮೊದಲು ಕೈಹಾಕಿದರೆ ಮಧುಗಿರಿ ‘ವುಧುಗಿರಿ’ ಆಗುತ್ತದೆ. ಪರಿಹಾರ ಒಂದೇ ಸಾಲಿನದು: ಉದ್ದನೆಯ ತುಂಡುಗಳನ್ನು ಮೊದಲು ಬದಲಿಸು, ಗಿಡ್ಡನೆಯವನ್ನು ಆಮೇಲೆ. ಗೊತ್ತಿದ್ದವರಿಗೆ ಒಂದು ನಿಮಿಷ. ಗೊತ್ತಿಲ್ಲದವರು ಒಬ್ಬರೇ ಕೂತು ಎರಡು ರಾತ್ರಿ ಕಳೆಯಬಹುದು.

ಸಹೋದ್ಯೋಗಿಯ ಬೆಲೆ ತಿಳಿಯುವುದು ಇಲ್ಲಿ. ಪಳಗಿದವರು ಕಸವನ್ನು ನೋಡಿಯೇ ರೋಗ ಹೇಳುತ್ತಾರೆ. ಪರದೆಯ ತುಂಬ ಪೌಂಡ್ ಗುರುತು, ಅರ್ಧದ ಭಿನ್ನರಾಶಿ ಕಂಡರೆ ಅದು ಹಳೆಯ ಫಾಂಟಿನ ಕಡತ, ಪರಿವರ್ತನೆ ಬೇಕು. ಅದರ ಬದಲು ತಲೆಯ ಮೇಲೆ ಗೆರೆ ಹೊತ್ತ ಸಣ್ಣ ಎ, ಪಕ್ಕದಲ್ಲಿ ವರ್ಗದ ಗುರುತಿನಂಥ ಚಿಕ್ಕ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ ಕಡತ ಸರಿಯಾದ ಯೂನಿಕೋಡಿನಲ್ಲೇ ಇದೆ, ತೆರೆದ ರೀತಿ ತಪ್ಪು. ಎಕ್ಸೆಲ್ಲಿನಲ್ಲಿ ಕನ್ನಡದ ಪಟ್ಟಿ ತೆರೆದು ಗಾಬರಿಯಾದವರಲ್ಲಿ ಅನೇಕರಿಗೆ ಬೇಕಾದದ್ದು ಇದಿಷ್ಟೇ ಮಾತು. ಪರಿವರ್ತನೆಯೆಂಬ ಮದ್ದನ್ನು ಅಲ್ಲಿ ಕುಡಿಸಿದರೆ ಇದ್ದ ಕನ್ನಡವೂ ಹೋಗುತ್ತದೆ.

ಕೇಳುವುದರಲ್ಲೂ ಒಂದು ಹದವಿದೆ. “ಸ್ಕ್ರಿಪ್ಟ್ ಕೆಲಸ ಮಾಡ್ತಿಲ್ಲ ಸಾರ್, ಸ್ವಲ್ಪ ನೋಡಿ” ಎಂದರೆ ಯಾವ ಪುಣ್ಯಾತ್ಮನೂ ಏನೂ ಮಾಡಲಾರ. “ಜಯಮಂಗಲಿ ಅಂತ ಕೊಟ್ಟರೆ ಜಕಾರದ ಪಕ್ಕ ಸೊನ್ನೆ ಬರ್ತಿದೆ, ಬರೀ ಮಂಗಲಿ ಅಂತ ಕೊಟ್ಟರೆ ಸರಿಯಾಗಿದೆ” ಎಂದರೆ ಅರ್ಧ ಉತ್ತರ ಪ್ರಶ್ನೆಯಲ್ಲೇ ಬಂದಿರುತ್ತದೆ. ಸಾವಿರ ಸಾಲಿನ ಕಡತವನ್ನು ಕೆಡುವ ಒಂದೇ ಶಬ್ದಕ್ಕೆ ಇಳಿಸಿ ತರುವುದು ಕೇಳುವವರ ಕೆಲಸ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬಿಬ್ಬರು 1999ರ ತಮ್ಮ ಪುಸ್ತಕದಲ್ಲಿ ಒಂದು ರಬ್ಬರ್ ಬಾತುಕೋಳಿಯ ಪ್ರಸ್ತಾಪ ಮಾಡಿದ್ದಾರೆ: ಮೇಜಿನ ಮೇಲೆ ಬಾತುಕೋಳಿ ಬೊಂಬೆ ಇಟ್ಟುಕೊಂಡು ಅದಕ್ಕೆ ಪ್ರೋಗ್ರಾಮನ್ನು ಸಾಲುಸಾಲಾಗಿ ವಿವರಿಸುವುದು, ವಿವರಿಸುತ್ತಿದ್ದಂತೆ ತಪ್ಪು ತಾನಾಗಿ ಬಾಯಿಗೆ ಬರುವುದು. ತಮಾಷೆಯಂತಿದ್ದರೂ ಮಾತು ನಿಜ. ಆದರೆ ಅರ್ಕಾವತ್ತಿನ ಗುಟ್ಟು ಬಾತುಕೋಳಿಗೆ ಗೊತ್ತಿಲ್ಲ. ಅದಕ್ಕೆ ಕನ್ನಡ ಬಲ್ಲ ಮನುಷ್ಯರೇ ಬೇಕು. ಈಗ ಪ್ರಶ್ನೆ ಕೇಳಿದರೆ ಸ್ಕ್ರಿಪ್ಟನ್ನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವು ಕೊಟ್ಟದ್ದನ್ನೂ ಜಯಮಂಗಲಿ, ಮಧುಗಿರಿ, ಚನ್ನರಾಯನದುರ್ಗಗಳ ಮೇಲೆ ಓಡಿಸಿ ನೋಡದೆ ನಂಬುವಂತಿಲ್ಲ.

ಕನ್ನಡದಲ್ಲಿ ಹಾಗೆ ನೆರವಾದವರ ಪರಂಪರೆ ಸಣ್ಣದಲ್ಲ. ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಪುಕ್ಕಟೆಯಾಗಿ ಹಂಚಿದರು. ಅರವಿಂದ ವಿ.ಕೆ. ಅವರು ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತರುವ ಪರಿವರ್ತಕ ಬರೆದು ಅದರ ಒಳಸಾಲುಗಳನ್ನೂ ಎಲ್ಲರ ಮುಂದಿಟ್ಟರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಅವರ ಕೈಯವು. ಓಂಶಿವಪ್ರಕಾಶ್ ಮತ್ತು ಗೆಳೆಯರು ಓ.ಎಲ್. ನಾಗಭೂಷಣಸ್ವಾಮಿ ಅವರಂಥ ಹಿರಿಯರ ಮಾರ್ಗದರ್ಶನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಶಬ್ದಶಬ್ದವಾಗಿ ಹುಡುಕಲು ಬರುವಂತೆ ‘ವಚನ ಸಂಚಯ’ದಲ್ಲಿ ಜೋಡಿಸಿದರು. ಸೊನ್ನೆ, ಅರ್ಕಾವತ್ತು ತಪ್ಪಿದ್ದರೆ ಅಂಥ ಹುಡುಕಾಟಕ್ಕೆ ಅರ್ಥವೇ ಇಲ್ಲ. ಒಳಸಾಲುಗಳನ್ನು ತೆರೆದಿಟ್ಟದ್ದು ಇಲ್ಲಿ ಮುಖ್ಯ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಬಹುದು. ಉತ್ತರವನ್ನು ಫೋನಿನಲ್ಲಿ ಗುಟ್ಟಾಗಿ ಹೇಳಿ ಮುಗಿಸಿದರೆ ಪಕ್ಕದ ಪಾವಗಡದವರು ಅದೇ ಎರಡು ರಾತ್ರಿಗಳನ್ನು ಮತ್ತೆ ಕಳೆಯಬೇಕು.

ಹಳೆಯ ಓಲೆಗರಿಗಳಲ್ಲೂ ಇದೇ ಬಗೆಯ ತಪ್ಪುಗಳಿದ್ದವು ಎಂಬುದು ಕುತೂಹಲದ ಸಂಗತಿ. ಪ, ವ, ಮಗಳ ಆಕಾರ ಹತ್ತಿರವಿದ್ದುದರಿಂದ ಒಂದರ ಜಾಗದಲ್ಲಿ ಇನ್ನೊಂದು ನುಸುಳುತ್ತಿತ್ತು. ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ನನ್ನದಲ್ಲ ಎಂಬರ್ಥದ ಶ್ಲೋಕವನ್ನು ಕೊನೆಗೆ ಸೇರಿಸಿ ಕೈತೊಳೆದುಕೊಂಡ ಲಿಪಿಕಾರರು ಅನೇಕರು. ಸ್ಕ್ರಿಪ್ಟನ್ನು ನಡೆಸುವ ಕಂಪ್ಯೂಟರು ಅಚ್ಚುಕಟ್ಟಾಗಿ ಆ ಲಿಪಿಕಾರನೇ. ಹೇಳಿದಷ್ಟನ್ನೇ ಮಾಡುತ್ತದೆ, ದೋಷ ಹೊರುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರಂಥ ಗ್ರಂಥಸಂಪಾದಕರು ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಯಾವ ಅಕ್ಷರ ಯಾವುದಾಗಿ ಕೆಟ್ಟಿತು ಎಂದು ಊಹಿಸಿ ತಿದ್ದುತ್ತಿದ್ದರು. ‘ವುಧುಗಿರಿ’ಯನ್ನು ಕಂಡು ಮಕಾರ ಒಡೆದಿದೆ ಎಂದು ಹೇಳುವ ಇಂದಿನ ಹುಡುಗರ ಕೆಲಸವೂ ಅದೇ ಜಾತಿಯದು.

ಇಷ್ಟಕ್ಕೆಲ್ಲ ಏಕೆ ತಲೆಕೆಡಿಸಿಕೊಳ್ಳಬೇಕು ಎಂದರೆ, ಹೆಸರು ಈಗ ಯಂತ್ರದ ಮೂಲಕವೇ ಸಿಗಬೇಕು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಆಗಿನ 177 ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಕಾಲ ಮುಗಿಯಿತು. ಶಾನುಭೋಗರ ಕಾಲದಲ್ಲಿ ಅಕ್ಷರ ಅತ್ತಿತ್ತ ಇದ್ದರೂ “ಇವನು ಇಂಥವನ ಮಗ” ಎಂದು ಗುರುತು ಹಿಡಿಯುವವರಿದ್ದರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಜಯಮಂಗಲಿಯಲ್ಲಿ ಸೊನ್ನೆಯ ಬದಲು ಕನ್ನಡದ ಅಂಕಿ ೦ ಒತ್ತಿದ್ದರೆ ಮನುಷ್ಯನ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ತೋವಿನಕೆರೆಯ ‘ತೋ’ವನ್ನು ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎರಡು ಮೂರು ತುಂಡು ಜೋಡಿಸಿಯೂ ಬರೆಯಬಹುದು. ಒಂದೇ ರೂಪಕ್ಕೆ ತರುವ ಆಜ್ಞೆ ಕೊಡದಿದ್ದರೆ ಹುಡುಕಿದವರಿಗೆ ಸಿಗುವ ಉತ್ತರ ‘ಇಲ್ಲ’. ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ನೆಟ್ಟಗೆ ನಿಲ್ಲಿಸಲು ಹಾಕುವ, ಕಣ್ಣಿಗೆ ಕಾಣದ ಸಂಕೇತವೂ ಹೀಗೆಯೇ ಕಾಟ ಕೊಡುತ್ತದೆ. ಕೌಂಟರಿನ ಈಚೆ ನಿಂತ ಮುದುಕಿಗೆ ಇದಾವುದೂ ಕಾಣುವುದಿಲ್ಲ. ಹೆಸರು ಇಲ್ಲವಂತೆ, ನಾಳೆ ಬರಬೇಕಂತೆ, ಅಷ್ಟೇ.

ಸ್ಕ್ರಿಪ್ಟಿನಿಂದ ಬಗೆಹರಿಯದವೂ ಕೆಲವಿವೆ. ಶಿರಾ ಎಂದೂ ಸಿರಾ ಎಂದೂ ಜನ ಬರೆಯುತ್ತಾರೆ. ಹಳೆಯ ಕಾಗದಪತ್ರಗಳಲ್ಲಿ ಮಧುಗಿರಿ ‘ಮದ್ದಗಿರಿ’ಯಾಗಿದೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದೊಳಗೆ ಹುಡುಕಲು ಹೊರಟವರು ಊರುಗಳ ಇಂಥ ಹಳೆಯ ರೂಪಗಳನ್ನೂ ಸೇರಿಸಿಕೊಂಡೇ ಹುಡುಕಬೇಕು. ಇವೆರಡೂ ಒಂದೇ ಊರು ಎಂಬ ಸಂಗತಿ ಯಾವ ಅಕ್ಷರದೊಳಗೂ ಇಲ್ಲ. ಅದನ್ನು ಒಂದು ಹಾಳೆಯ ಮೇಲೆ ಬರೆದು ಸ್ಕ್ರಿಪ್ಟಿನವರ ಕೈಗೆ ಕೊಡಬೇಕಾದವರು ಪ್ರೋಗ್ರಾಮು ಬರೆಯಲು ಬಾರದ ಆ ಊರುಗಳ ಹಿರಿಯರು.