ಮಗು ತಾನಾಗಿ ಹೇಳುವ ಹೊತ್ತು
(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನೊಬ್ಬನು ಬಾನುಲಿಯ ಮುಂದೆ ಕುಳಿತರೆ ಪಂಪನನ್ನೋ ಹರಿಹರನನ್ನೋ ಕುರಿತು ಮಾತನಾಡುವನೆಂದು ನೀವು ನಿರೀಕ್ಷಿಸುವುದು ಸಹಜ. ಇಂದು ನಾನು ಆರಿಸಿಕೊಂಡ ವಿಷಯ ಅಷ್ಟು ಎತ್ತರದ್ದಲ್ಲ. ನೆಲದಿಂದ ಒಂದು ಗೇಣು ಮೇಲಿನದು. ಎರಡು ವರ್ಷದ ಕೂಸಿಗೆ ಬಟ್ಟೆಯಲ್ಲಿ ಮಾಡಿಕೊಳ್ಳದೆ ಹೇಳಿ ಹೋಗುವುದನ್ನು ಯಾವಾಗ ಕಲಿಸಬೇಕು, ಅದು ಕಲಿಯಲು ಸಿದ್ಧವಾಗಿದೆಯೆಂದು ಹೇಗೆ ತಿಳಿಯಬೇಕು ಎಂಬುದೇ ಆ ವಿಷಯ. ನಗುವವರು ನಗಬಹುದು. ಈ ಸಂಗತಿಯಲ್ಲಿ ನಾನೊಮ್ಮೆ ತಪ್ಪಿದ್ದೇನೆ, ಆ ತಪ್ಪಿನ ಫಲವನ್ನು ಒಂದು ಎಳೆಯ ಜೀವ ಉಂಡಿದೆ. ಆದುದರಿಂದ ನಗುವವರೊಡನೆ ನಾನು ಸೇರಲಾರೆ.

ಮೊದಲ ತೊಡಕು ಮಾತಿನದೇ. ಗ್ರಂಥಭಾಷೆಯಲ್ಲಿ ಇದು ಮಲಮೂತ್ರ ವಿಸರ್ಜನೆ. ಹಿರಿಯರ ಬಾಯಲ್ಲಿ ಬಹಿರ್ದೆಸೆ. ಶಾಲೆಯ ಹುಡುಗರಿಗೆ ಒಂದಕ್ಕೆ, ಎರಡಕ್ಕೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಚರಿಗೆ ಹಿಡಿದು ಹೊರಟವನನ್ನು ಕಂಡರೆ ‘ಪರಸಾಕಡಿಗೆ ಹೊಂಟಾನ’ ಎನ್ನುತ್ತಾರೆ. ಬಹಿರ್ದೆಸೆಯೆನ್ನಿ, ಹೊರಕಡೆಯೆನ್ನಿ, ಬಯಲಕಡೆಯೆನ್ನಿ, ಈ ಮಾತುಗಳೆಲ್ಲ ಮನೆಯಿಂದ ಆಚೆಗೇ ಕೈತೋರಿಸುತ್ತವೆ. ಮನೆಯೊಳಗಿನ ಆ ಕೋಣೆಗೆ ನಾವು ಹೆಸರನ್ನೂ ಎರವಲು ತರಬೇಕಾಯಿತು. ಸಂಡಾಸ ಮರಾಠಿಯಿಂದ ಬಂದಿತು, ಪಾಯಖಾನೆ ಉರ್ದುವಿನಿಂದ. ಇಷ್ಟೆಲ್ಲ ಪದಸಂಪತ್ತು ಮಗುವಿಗೆ ಬೇಕಿಲ್ಲ. ಅದಕ್ಕೆ ಬೇಕಾದುದು ಚಿಕ್ಕದೊಂದು ಮಾತು, ಮನೆಯವರೆಲ್ಲರೂ ಒಂದೇ ಬಗೆಯಾಗಿ ಆಡುವ ಮಾತು. ಅಜ್ಜಿ ಒಂದು ಹೇಳಿ, ತಾಯಿ ಇನ್ನೊಂದು ಹೇಳಿ, ತಂದೆ ಇಂಗ್ಲಿಷಿನಲ್ಲಿ ಮತ್ತೊಂದು ಹೇಳಿದರೆ ಮಗು ಯಾವುದನ್ನು ಹಿಡಿದೀತು?

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನಲ್ಲಿ, ಭೀಮಾನದಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ನನ್ನ ಆಯಿ ಎಂಟು ಮಕ್ಕಳನ್ನು ಹೆತ್ತವಳು, ಮೊಮ್ಮಕ್ಕಳನ್ನು ಎಣಿಸದೆ ಸಾಕಿದವಳು. ಕೂಸು ನಿದ್ದೆಯಿಂದ ಎದ್ದೊಡನೆ, ಮೊಲೆಯುಂಡು ಸ್ವಲ್ಪ ಹೊತ್ತಾದೊಡನೆ, ಆಕೆ ಅಂಗಳದ ಅಂಚಿನಲ್ಲಿ ಕಾಲು ನೀಡಿ ಕುಳಿತು ಅದನ್ನು ತನ್ನ ಎರಡು ಪಾದಗಳ ನಡುವೆ ಕೂಡಿಸಿಕೊಂಡು ‘ಸ್ಸ್... ಸ್ಸ್...’ ಎಂದು ಸದ್ದು ಮಾಡುತ್ತಿದ್ದಳು. ಎರಡು ಮೂರು ತಿಂಗಳ ಕೂಸು ಕೂಡ ಆ ಸದ್ದಿಗೆ ಓಗೊಡುತ್ತಿತ್ತು. ಕೂಸಿನ ಸೊಂಟದಲ್ಲಿ ಉಡದಾರ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಸಾರಿಸಿದ ಮಣ್ಣಿನ ನೆಲ, ಮೇಲೆ ಬಿಸಿಲು; ತಪ್ಪಿ ಒದ್ದೆಯಾದರೂ ಒಂದು ಗಳಿಗೆಯಲ್ಲಿ ಆರುತ್ತಿತ್ತು. ಯಾರೂ ಯಾರನ್ನೂ ಬೈಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇದು ನಮ್ಮ ಕಡೆಯ ಹಳ್ಳಿಯ ರೂಢಿ ಮಾತ್ರವೆಂದು ನಾನು ಬಹುಕಾಲ ಭಾವಿಸಿದ್ದೆ. ಪೂರ್ವ ಆಫ್ರಿಕದ ಕರಾವಳಿಯಲ್ಲಿ ಡಿಗೋ ಎಂಬ ಜನಾಂಗವಿದೆ. 1977ರಲ್ಲಿ ಡಿ ವ್ರೀಸ್ ಎಂಬ ಹೆಸರಿನ ಇಬ್ಬರು ಸಂಶೋಧಕರು ಆ ತಾಯಂದಿರ ಪದ್ಧತಿಯನ್ನು ಅಮೆರಿಕದ ಮಕ್ಕಳ ವೈದ್ಯಪತ್ರಿಕೆಯೊಂದರಲ್ಲಿ ವರ್ಣಿಸಿದರು. ಅಲ್ಲಿನ ತಾಯಿಯೂ ಕಾಲು ನೀಡಿ ಕುಳಿತುಕೊಳ್ಳುತ್ತಾಳೆ, ಕೂಸನ್ನು ಕಾಲುಗಳ ನಡುವೆ ಹಿಡಿಯುತ್ತಾಳೆ, ನಮ್ಮ ಆಯಿಯ ಸದ್ದಿನಂಥದೇ ಒಂದು ಸದ್ದು ಮಾಡುತ್ತಾಳೆ. ಹುಟ್ಟಿದ ಕೆಲವು ವಾರಗಳಲ್ಲಿಯೇ ಆರಂಭಿಸಿ ಐದಾರು ತಿಂಗಳಾಗುವಷ್ಟರಲ್ಲಿ ಬಹುಮಟ್ಟಿಗೆ ಒದ್ದೆಯಾಗದ ಕೂಸನ್ನು ಕಾಣುತ್ತಾಳೆ. ಇದನ್ನು ಓದಿದ ದಿನ ಆಯಿ ಬದುಕಿದ್ದರೆ ಓದಿ ಹೇಳಬಹುದಾಗಿತ್ತೆಂದು ಅನಿಸಿತು.

ಅತ್ತ ಅಮೆರಿಕದಲ್ಲಿ ಬ್ರೇಜಲ್‌ಟನ್ ಎಂಬ ಮಕ್ಕಳ ವೈದ್ಯರು 1962ರಲ್ಲಿ ಬೇರೊಂದು ಮಾತನ್ನು ಮುಂದಿಟ್ಟರು. ಹತ್ತು ವರ್ಷಗಳ ತಮ್ಮ ವೃತ್ತಿಯಲ್ಲಿ ಕಂಡ 1,170 ಮಕ್ಕಳ ವಿವರಗಳನ್ನು ಕಲೆಹಾಕಿ, ಗಡಿಯಾರ ನೋಡಿ ಮಗುವನ್ನು ಕೂಡಿಸುವುದು ಬೇಡ, ಮಗು ಸಿದ್ಧವಾಗುವ ತನಕ ಕಾಯಬೇಕು ಎಂದರು. ಅವರ ಮಕ್ಕಳು ಹಗಲಿನ ಹಿಡಿತ ಸಾಧಿಸಿದ್ದು ಸರಾಸರಿ 28 ತಿಂಗಳು ದಾಟಿದಾಗ. ಆಯಿಯ ಲೆಕ್ಕಕ್ಕೂ ವೈದ್ಯರ ಲೆಕ್ಕಕ್ಕೂ ಎರಡು ವರ್ಷಗಳ ಅಂತರ!

ಈ ಎರಡರಲ್ಲಿ ಒಂದು ಸುಳ್ಳಾಗಬೇಕಿಲ್ಲ. ಎಳೆಗೂಸಿನಲ್ಲಿ ಮೂತ್ರಕೋಶ ತುಂಬಿದೊಡನೆ ತಾನಾಗಿ ಬರಿದಾಗುತ್ತದೆ. ತುಂಬಿದೆಯೆಂಬ ಸುದ್ದಿ ಮಿದುಳಿಗೆ ಮುಟ್ಟಿ, ‘ಸ್ವಲ್ಪ ತಾಳು’ ಎಂಬ ಅಪ್ಪಣೆ ಮರಳಿ ಬರುವ ನರಗಳ ದಾರಿ ಬಲಿಯುವುದಕ್ಕೆ ಒಂದೂವರೆ ವರ್ಷವಾದರೂ ಬೇಕು. ಅಲ್ಲಿಯವರೆಗೆ ಕೂಸಿನ ಪರವಾಗಿ ಹೊತ್ತನ್ನು ಅರಿತು ನಡೆಸುವವಳು ಆಯಿ. ಕೂಸಿನ ಮೋರೆ, ಮುಲುಕು, ಕಾಲಿನ ಚಡಪಡಿಕೆ ಎಲ್ಲವೂ ಆಕೆಗೆ ಗೊತ್ತು. ವೈದ್ಯರು ಕೇಳಿದ್ದು ಮಗು ತಾನೇ ಅರಿತು, ತಾನೇ ತಡೆದು, ತಾನೇ ಹೋಗುವುದು ಯಾವಾಗ ಎಂಬುದನ್ನು. ಅದು ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷಗಳ ನಡುವೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ತುಸು ಮುಂಚೆ. ಆಯಿಯ ಮಾರ್ಗಕ್ಕೆ ದಿನವಿಡೀ ಬಿಡುವಾಗಿರುವ ಒಂದು ಮಡಿಲು ಬೇಕು. ಆ ಮಡಿಲು ಇಲ್ಲದ ಮನೆಯಲ್ಲಿ ಕಾಯುವುದೇ ಮಾರ್ಗ.

ನನಗೆ ಎರಡೂ ತಿಳಿದಿರಲಿಲ್ಲ. 1991ರಲ್ಲಿ ನಾನು ಆಳಂದದಲ್ಲಿ ಬಾಡಿಗೆಯ ಎರಡು ಕೋಣೆಗಳ ಮನೆಯಲ್ಲಿದ್ದೆ. ಅಂಗಳದಾಚೆ ಎರಡು ಸಂಸಾರಗಳಿಗೆ ಒಂದೇ ಸಂಡಾಸ. ಮಗಳಿಗೆ ಆಗ ಇಪ್ಪತ್ತು ತಿಂಗಳು. ಸಹೋದ್ಯೋಗಿಯೊಬ್ಬರು ತಮ್ಮ ಮಗು ವರ್ಷ ತುಂಬುವ ಮೊದಲೇ ಕಲಿಯಿತೆಂದು ಹೇಳಿಕೊಂಡರು. ನನಗೆ ಛಲ ಹುಟ್ಟಿತು. ಬೆಳಿಗ್ಗೆ ಆರಕ್ಕೆ ಮಗುವನ್ನು ಎಬ್ಬಿಸಿ ಆ ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ಎರಡು ರಟ್ಟೆ ಹಿಡಿದು, ಅರ್ಧ ಗಂಟೆ ನಿಲ್ಲುತ್ತಿದ್ದೆ. ದೊಡ್ಡವರ ಕಾಲಿನ ಅಳತೆಗೆ ಕಟ್ಟಿದ ಆ ತೂತು ಅದರ ಕಣ್ಣಿಗೆ ಹೇಗೆ ಕಂಡಿರಬೇಕೆಂದು ನಾನು ಯೋಚಿಸಲಿಲ್ಲ. ಅದು ಅಳುತ್ತಿತ್ತು. ಹೊರಗೆ ಬಂದು ಐದು ನಿಮಿಷಕ್ಕೆ ಲಂಗದಲ್ಲಿಯೇ ಮಾಡಿಕೊಳ್ಳುತ್ತಿತ್ತು. ಒಂದು ದಿನ ನಾನು ತೊಡೆಗೆ ಹೊಡೆದೆ. ಬೆರಳು ಮೂಡಿದವು.

ಅಂದಿನಿಂದ ಮಗು ಬಿಗಿಹಿಡಿಯತೊಡಗಿತು. ಜೋಳದ ಚೀಲಗಳ ಮರೆಯಲ್ಲಿ ತುದಿಗಾಲ ಮೇಲೆ ನಿಂತು, ಮೋರೆ ಕೆಂಪಗೆ ಮಾಡಿಕೊಂಡು, ಕಾಲು ಹೆಣೆದುಕೊಳ್ಳುತ್ತಿತ್ತು. ಮುಕ್ಕುತ್ತಿದೆಯೆಂದು ನಾನು ತಿಳಿದೆ, ಅದು ತಡೆಯುತ್ತಿತ್ತು. ಆರನೆಯ ದಿನ ಹೊಟ್ಟೆಯುಬ್ಬಿ ಅನ್ನ ಬಿಟ್ಟಾಗ ಕಲಬುರಗಿಗೆ ಬಸ್ಸು ಹತ್ತಿದೆವು. ವೈದ್ಯರು ನೋಡಿ ಔಷಧ ಕೊಟ್ಟು ನನ್ನ ಕಡೆ ತಿರುಗಿ ಹೇಳಿದರು: “ಸರ್, ಕೂಸಿಗೆ ಏನೂ ಆಗಿಲ್ಲ. ನೀವು ಅಂಜಿಸೀರಿ. ಮೂರು ತಿಂಗಳ ಸುಮ್ಮ ಬಿಟ್ಟುಬಿಡ್ರಿ.” ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋವಾಗುತ್ತದೆ, ನೋವಿಗೆ ಅಂಜಿ ಮಗು ಮತ್ತೆ ತಡೆಯುತ್ತದೆ, ಈ ಸುಳಿಯಲ್ಲಿ ಸಿಕ್ಕ ಮಗು ಹೊರಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮೂರು ತಿಂಗಳ ನಂತರ ನನ್ನ ಮಡದಿ ಗದ್ದಲವಿಲ್ಲದೆ ಕಲಿಸಿದರು. ಹೇಗೆ ಕಲಿಸಿದರೆಂದು ನಾನು ಕೇಳಲೂ ಇಲ್ಲ.

ಆ ಮಗಳು ಈಗ ಅಫಜಲಪುರದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಕಳೆದ ಬೇಸಿಗೆಯ ಮೊದಲಲ್ಲಿ ಒಂದು ರಾತ್ರಿ ಫೋನು ಮಾಡಿದಳು. “ಅಪ್ಪಾ, ಜೂನಿನೊಳಗ ಇವಗ ಎಲ್ಲಾ ಕಲಿಸಬೇಕಂತ. ಸಾಲಿ ಅರ್ಜಿಯೊಳಗ ಕೇಳ್ಯಾರ. ಇನ್ನಾ ಡೈಪರ್‌ದಾಗೇ ಇದ್ದಾನ. ಏನ್ ಮಾಡ್ಲಿ?” ಮಗುವಿಗೆ ಆಗ ಎರಡು ವರ್ಷ, ಎರಡು ತಿಂಗಳು. ಅಳಿಯಂದಿರು ಮುಂಗಡ ಹಣವನ್ನೂ ಕಟ್ಟಿದ್ದರು. ಮಡದಿ ತೀರಿಕೊಂಡ ಮೇಲೆ ನನಗೆ ಮನೆಯಲ್ಲಿ ಅಂಥ ಕೆಲಸವಿರಲಿಲ್ಲ. ಕೈಚೀಲ ಹಿಡಿದು ಹೊರಟೆ.

ಮೊದಲ ವಾರ ನಾವು ಏನನ್ನೂ ಕಲಿಸಲಿಲ್ಲ. ನಾನೊಂದು ಹಳೆಯ ದಿನಚರಿ ಪುಸ್ತಕದಲ್ಲಿ ಹೊತ್ತುಗಳನ್ನು ಗುರುತು ಹಾಕಿದೆ. ಪಾಠಾಂತರ ಗುರುತಿಸಿದ ಕೈಗೆ ಇದು ಹೊಸ ಸಂಶೋಧನೆ! ಮಧ್ಯಾಹ್ನದ ನಿದ್ದೆಯಿಂದ ಅವನು ಒಣಗಿದ ಬಟ್ಟೆಯಲ್ಲಿಯೇ ಏಳುತ್ತಿದ್ದ. ಎರಡು ಗಂಟೆಯಷ್ಟು ತಡೆಯುವ ಶಕ್ತಿ ಬಂದಿತ್ತೆಂದು ಇದರಿಂದ ತಿಳಿಯಿತು. ಬೆಳಗಿನ ರೊಟ್ಟಿ ತಿಂದ ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಗೆ ಸೇರಿ ‘ಮುತ್ಯಾ, ನೋಡಬ್ಯಾಡ’ ಎನ್ನುತ್ತಿದ್ದ. ಏನೋ ನಡೆಯಲಿದೆಯೆಂದು ಅವನಿಗೆ ಮುಂಚಿತವಾಗಿ ಗೊತ್ತಾಗುತ್ತಿತ್ತು, ಅದಕ್ಕೊಂದು ಮರೆ ಬೇಕೆಂಬ ನಾಚಿಕೆಯೂ ಹುಟ್ಟಿತ್ತು. ಒದ್ದೆಯಾದರೆ ಡೈಪರನ್ನು ಎಳೆದಾಡುತ್ತಿದ್ದ. ತಂದೆ ಬಚ್ಚಲಿಗೆ ಹೋದರೆ ಹಿಂದೆಯೇ ಓಡುತ್ತಿದ್ದ. ಇವೆಲ್ಲ ಒಳ್ಳೆಯ ಗುರುತುಗಳು. ಆದರೆ ಚಡ್ಡಿಯನ್ನು ತಾನೇ ಕೆಳಗೆ ಜಾರಿಸಲು ಬರುತ್ತಿರಲಿಲ್ಲ. ‘ಚೆಂಡು ತಗೋ, ಅವ್ವಗ ಕೊಡು’ ಎಂಬ ಎರಡು ಹೆಜ್ಜೆಯ ಮಾತನ್ನು ಅರ್ಧಕ್ಕೆ ಮರೆಯುತ್ತಿದ್ದ. ಎಲ್ಲಕ್ಕಿಂತ ಮಿಗಿಲಾಗಿ, ಏನು ಹೇಳಿದರೂ ‘ಒಲ್ಲೆ’ ಎನ್ನುವ ಕಾಲ ಅದು. ಇನ್ನೂ ಮೂರು ವಾರ ತಡೆಯೋಣವೆಂದೆ. ಅಳಿಯಂದಿರ ಮುಖ ಸಣ್ಣಗಾಯಿತು.

ಮೇ ತಿಂಗಳ ಮೊದಲಲ್ಲಿ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಸಣ್ಣ ಪಾಟಿ ತಂದೆವು. ಕುಳಿತರೆ ಎರಡೂ ಪಾದಗಳು ನೆಲಕ್ಕೆ ಊರಬೇಕು; ಕಾಲು ತೂಗಾಡಿದರೆ ಮಗುವಿಗೆ ಮುಕ್ಕಲು ಬಲ ಸಿಗದು, ಬೀಳುವ ಅಂಜಿಕೆ ಬೇರೆ. ಮೊದಲು ಬಟ್ಟೆ ತೊಟ್ಟೇ ಅದರ ಮೇಲೆ ಕುಳಿತು ಆಡಿದ. ತನ್ನ ಗೊಂಬೆಯ ಆನೆಯನ್ನೂ ಕೂಡಿಸಿದ. ಅಫಜಲಪುರದ ಮೇ ತಿಂಗಳ ಬಿಸಿಲನ್ನು ನಾನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮಗುವನ್ನು ಮನೆಯೊಳಗೆ ಬರಿಮೈಯಲ್ಲಿ ಬಿಡಬಹುದಾಗಿತ್ತು, ಒಗೆದ ಚಡ್ಡಿ ಅರ್ಧ ಗಂಟೆಗೆ ಒಣಗುತ್ತಿತ್ತು. ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿಗೆ ಐದು ನಿಮಿಷ ಕೂಡಿಸುತ್ತಿದ್ದೆವು. ಏಳುತ್ತೇನೆಂದರೆ ಏಳಬಹುದು. ಆಯಿಯ ‘ಸ್ಸ್’ ಸದ್ದು ನನ್ನ ಬಾಯಿಂದಲೂ ಬಂದಿತು. ಅವನು ನನ್ನ ಮೋರೆ ನೋಡಿ ನಕ್ಕ.

ಇಲ್ಲಿ ಒಂದು ಮಾತು. ಕೂಸಿನ ಮಲ ನಿರುಪದ್ರವಿಯೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೂದಿ ಮುಚ್ಚಿ ಹಿತ್ತಲಿಗೆ ಎಸೆಯುತ್ತೇವೆ. ಅದು ತಪ್ಪು. ದೊಡ್ಡವರದರಲ್ಲಿ ಇರುವ ರೋಗಾಣುಗಳು ಅದರಲ್ಲಿಯೂ ಇರಬಲ್ಲವು. 2014ರಲ್ಲಿ ಸ್ವಚ್ಛ ಭಾರತದ ಕಾರ್ಯಕ್ರಮ ಆರಂಭವಾದ ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಮನೆಗೊಂದು ಸಂಡಾಸ ಎದ್ದಿದೆ. ಕಬ್ಬಿಣದ ಬಾಗಿಲಿನ ಆ ಕತ್ತಲೆಗೆ ಮಗುವನ್ನು ದೂಡಬೇಕಿಲ್ಲ. ಅಂಗಳದಲ್ಲಿ ಪಾಟಿಯ ಮೇಲೋ ಹಳೆಯ ವೃತ್ತಪತ್ರಿಕೆಯ ಮೇಲೋ ಕೂಡಿಸಿ, ಪಾಟಿಯಲ್ಲಿದ್ದುದನ್ನು ಸಂಡಾಸಕ್ಕೆ ಸುರಿದು, ಪತ್ರಿಕೆಯಾದರೆ ಅದರ ಮೇಲಿನದನ್ನಷ್ಟೇ ಜಾರಿಸಿ ನೀರು ಹಾಕಿ, ಮಗುವಿನ ಕೈಯನ್ನೂ ನಮ್ಮ ಕೈಯನ್ನೂ ಸಾಬೂನಿನಿಂದ ತೊಳೆದರಾಯಿತು. ಸಾಹಿತ್ಯದ ವಾರಪತ್ರಿಕೆಗಳು ಈ ಸೇವೆಗೂ ಒದಗುತ್ತವೆಯೆಂದು ಸಂಪಾದಕರು ಮುನಿಯಬಾರದು.

ಹದಿನೈದು ದಿನಗಳಲ್ಲಿ ಹಗಲು ಬಹುಪಾಲು ಸರಿಹೋಯಿತು. ಅಷ್ಟರಲ್ಲಿ ದೇವಲ ಗಾಣಗಾಪುರಕ್ಕೆ ಹೋಗಿ ಮೂರು ದಿನ ಉಳಿದೆವು. ಹೊಸ ಜಾಗ, ಜನಜಂಗುಳಿ, ಪಾಟಿ ಮನೆಯಲ್ಲಿಯೇ ಉಳಿದಿತ್ತು. ಕಲಿತದ್ದೆಲ್ಲ ಭೀಮಾ ಅಮರ್ಜಾ ಸಂಗಮದಲ್ಲಿ ಹರಿದುಹೋಯಿತು. ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಿಸಿದಾಗ, ಜ್ವರ ಬಂದೆದ್ದಾಗ ಹೀಗೆಯೇ ಆಗುತ್ತದೆ. ಅಂಥ ಕಾಲದಲ್ಲಿ ಹೊಸದಾಗಿ ಆರಂಭಿಸಲೂಬಾರದು. ಇರುಳಿನದಂತೂ ಬೇರೆಯೇ ಕತೆ. ಐದು ವರ್ಷದ ಮಕ್ಕಳಲ್ಲಿಯೂ ನೂರಕ್ಕೆ ಸುಮಾರು ಹದಿನೈದು ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ತಂದೆಗೋ ತಾಯಿಗೋ ಎಳವೆಯಲ್ಲಿ ಹಾಗೆ ಆಗುತ್ತಿದ್ದರೆ ಮಕ್ಕಳಿಗೂ ಆಗುವ ಸಂಭವ ಹೆಚ್ಚು. ನಿದ್ದೆಯಲ್ಲಿ ಆದುದಕ್ಕೆ ಮಗುವನ್ನು ಹೊಣೆ ಮಾಡುವುದು ಯಾವ ನ್ಯಾಯ? ಕೌದಿಯ ಕೆಳಗೊಂದು ರಬ್ಬರ್ ಹಾಳೆ ಹಾಸಿದರೆ ಸಾಕು.

ಜೂನ್ ಬಂದಿತು. ಅರ್ಜಿಯ ಆ ಪ್ರಶ್ನೆಗೆ ‘ಹೌದು’ ಎಂದು ಗೀಟು ಹಾಕಿಬಿಡೋಣವೆಂದು ಅಳಿಯಂದಿರು; ನಾಲ್ಕು ದಿನದಲ್ಲಿ ಕಲಿತುಕೊಳ್ಳುತ್ತಾನೆ, ಇಲ್ಲವಾದರೆ ಅಲ್ಲಿನವರೇ ಗದರಿಸಿ ಕಲಿಸುತ್ತಾರೆ ಎಂದರು. ಮಗಳು ಬಹಳ ಹೊತ್ತು ಸುಮ್ಮನಿದ್ದಳು. ನಾನು ಮಾತನಾಡಲಿಲ್ಲ, ಆ ಮನೆಯಲ್ಲಿ ಆ ವಿಷಯದಲ್ಲಿ ಮಾತನಾಡುವ ಹಕ್ಕನ್ನು ನಾನು ಆಳಂದದಲ್ಲಿಯೇ ಕಳೆದುಕೊಂಡಿದ್ದೆ. ಕೊನೆಗೆ ಅವಳು ‘ಇಲ್ಲ’ ಎಂದೇ ಬರೆದಳು. ಪ್ರವೇಶ ಸಿಗಲಿಲ್ಲ. ಮುಂಗಡ ಹಣವೂ ಮರಳಲಿಲ್ಲ. ಓದುಬರೆಹ ಬಲ್ಲವರಿಗೆ ಮಾತ್ರ ಪ್ರವೇಶವೆನ್ನುವ ಪಾಠಶಾಲೆಯನ್ನು ಕಂಡರೆ ನಾವು ನಗುತ್ತೇವೆ, ಇದಕ್ಕೆ ಮಾತ್ರ ಹಣ ಕಟ್ಟಿ ಸರದಿಯಲ್ಲಿ ನಿಲ್ಲುತ್ತೇವೆ. 1975ರಲ್ಲಿ ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾಗಿ ಊರೂರಿಗೂ ಬಂದ ಅಂಗನವಾಡಿಯಲ್ಲಿ, ಮೂರು ವರ್ಷದ ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ಸಹಾಯಕಿ ತೊಳೆದು ಬೇರೆ ಉಡಿಸುವುದನ್ನು ನಾನು ಅದೇ ಬೀದಿಯಲ್ಲಿ ಕಂಡಿದ್ದೇನೆ. ಆಕೆಯ ಗೌರವಧನ ಎಷ್ಟೆಂದು ವಿಚಾರಿಸಿ ತಲೆ ತಗ್ಗಿಸಿದೆ.

ಆ ರಾತ್ರಿ ಮಗಳಿಗೆ ಜೋಳದ ಚೀಲಗಳ ಕತೆ ಹೇಳಿದೆ. “ನನಗ ನೆನಪಿಲ್ಲಪ್ಪಾ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅವ್ವ ಒಮ್ಮೆ ಹೇಳಿದ್ದಳು” ಎಂದಳು. ಅಷ್ಟೇ.

ಜುಲೈ ತಿಂಗಳ ಒಂದು ಸಂಜೆ ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಅಂಗಳದಲ್ಲಿ ಆಡುತ್ತಿದ್ದವನು ಚಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದು “ಮುತ್ಯಾ, ಬಂತು!” ಎಂದ. ನಾನು ಕನ್ನಡಕ ತೆಗೆದಿಟ್ಟು ಏಳುವಷ್ಟರಲ್ಲಿ ಅವನೇ ಮುಂದಾಗಿ ಪಾಟಿಯ ಕಡೆ ಓಡಿದ್ದ. ಅರ್ಧ ದಾರಿಯಲ್ಲಿಯೇ ಆಗಿಹೋಯಿತು. ತಿರುಗಿ ನನ್ನ ಮೋರೆಯನ್ನು ನೋಡಿದ. ನಾನು ನೀರಿನ ಚರಿಗೆ ತರಲು ಹೋದೆ. ಅವನು ಮಾತ್ರ ಪಾಟಿಯ ಮೇಲೆ ಹೋಗಿ ಕುಳಿತು, ಉಳಿದ ಅರ್ಧಕ್ಕಾಗಿ ಕಾಯುತ್ತಿದ್ದ.