ಆಸ್ಪತ್ರೆಗೆ ಮುಂಚಿನ ಕೆಲಸ ನಮ್ಮದು

(ಕುರುಡುಮಲೆಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಹೊಸ ಕೆಲಸ ಶುರು ಮಾಡುವವರು ಮೊದಲು ಕುರುಡುಮಲೆ ಗಣಪನಿಗೆ ಕೈಮುಗಿಯುವುದು ನಮ್ಮ ಕಡೆಯ ಪದ್ಧತಿ. ಇದೇ ಊರಲ್ಲಿ ಇವತ್ತು ನಾವೂ ಒಂದು ಕೆಲಸದ ಮಾತು ಎತ್ತಿದ್ದೇವೆ. ನಮ್ಮ ಜಿಲ್ಲೆಯ ಮೆಥೋಡಿಸ್ಟ್ ಚರ್ಚುಗಳ ಆರೋಗ್ಯ ಸೇವೆಗೆ ಸಂಘದ ಹೆಂಗಸರು ಹೇಗೆ ಕೈಜೋಡಿಸಬಹುದು ಎಂಬುದೇ ಆ ಮಾತು.

"ಅದು ಅವರ ಚರ್ಚು, ನಮಗೇನು ಕೆಲಸ?" ಅಂತ ಕೇಳಬಹುದು. ಕಾಯಿಲೆ ಜಾತಿ ಮತ ಕೇಳಿಕೊಂಡು ಬರೋದಿಲ್ಲ. 1876-78ರ ದೊಡ್ಡ ಬರಗಾಲದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಮೆಥೋಡಿಸ್ಟ್ ಮಿಷನ್ನಿಗೆ ಬಂತು. 1910ರಲ್ಲಿ ಎಲೆನ್ ತೊಬರ್ನ್ ಕವನ್ ಅವರ ನೆನಪಿನ ಆಸ್ಪತ್ರೆ ಶುರುವಾಯಿತು. ಅದನ್ನೇ ನಾವೆಲ್ಲ ಇ.ಟಿ.ಸಿ.ಎಂ. ಆಸ್ಪತ್ರೆ ಅನ್ನುವುದು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1746ರಲ್ಲೇ ಲಂಡನ್ನಿನಲ್ಲಿ ಬಡವರಿಗೆ ಉಚಿತವಾಗಿ ಔಷಧಿ ಕೊಡಲು ಆರಂಭಿಸಿದ್ದರು. ಅಂದರೆ ಪ್ರಾರ್ಥನೆಯ ಜೊತೆಗೆ ಔಷಧಿಯೂ ಅವರ ಹಳೆಯ ದಾರಿ.

ಆಸ್ಪತ್ರೆ ಇದೆ ನಿಜ. ಆದರೆ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸುವವರು ಯಾರು?

ನಮ್ಮದೇ ತಪ್ಪೊಂದನ್ನು ಹೇಳುತ್ತೇವೆ. ನಮ್ಮ ಸಂಘದ ಒಬ್ಬ ಅಕ್ಕ ಎರಡು ವಾರ ಸಭೆಗೆ ಬರಲಿಲ್ಲ. ನಾವು ಪುಸ್ತಕ ತೆಗೆದು ಹತ್ತು ಹತ್ತು ರೂಪಾಯಿ ದಂಡ ಬರೆದೆವು. ಯಾಕೆ ಬರಲಿಲ್ಲ ಅಂತ ಒಬ್ಬರೂ ಮನೆಗೆ ಹೋಗಿ ಕೇಳಲಿಲ್ಲ. ಮೂರನೇ ವಾರ ಅವರಿಗೆ ಲಕ್ವ ಹೊಡೆಯಿತು. ಆಮೇಲೆ ತಿಳಿಯಿತು, ಎರಡು ತಿಂಗಳಿಂದ ತಲೆಸುತ್ತು ಇತ್ತಂತೆ. "ಈ ತಿಂಗಳ ಕಂತು ಕಟ್ಟಿಬಿಡೋಣ, ಆಮೇಲೆ ತೋರಿಸಿಕೊಂಡರಾಯ್ತು" ಅಂತ ಸುಮ್ಮನಿದ್ದರಂತೆ. ಬಿ.ಪಿ. ಎಷ್ಟಿದೆ ಅಂತ ಅವರು ಒಂದು ಸಲವೂ ನೋಡಿಸಿಕೊಂಡಿರಲಿಲ್ಲ. ನಮ್ಮ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲ ಇತ್ತು. ಆ ಅಕ್ಕನ ಆರೋಗ್ಯ ಮಾತ್ರ ಇರಲಿಲ್ಲ.

ಹಾಗಾದರೆ ಏನು ಮಾಡೋಣ?

ಒಂದು: ತಿಂಗಳಿಗೊಂದು ದಿನ ಚರ್ಚಿನವರು ಜಾಗ ಕೊಡಲಿ, ನಾವು ಹೆಂಗಸರನ್ನು ಕರೆತರೋಣ. ನರ್ಸಮ್ಮನವರನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಸಿ ಬಿ.ಪಿ. ನೋಡಿಸೋಣ. ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ನೋಡಿಸಬೇಕು, ಕಾಫಿ ಕುಡಿದ ತಕ್ಷಣ ಅಲ್ಲ. 140/90 ಅಥವಾ ಹೆಚ್ಚು ಬಂದರೆ ಹೆದರಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮತ್ತೆ ನೋಡಿಸಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ.

ಎರಡು: ರಕ್ತ ಪರೀಕ್ಷೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಗರ್ಭಿಣಿಗೆ 11. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ, ಅದರ ಸತ್ವ ಮೈಗೆ ಹತ್ತೋದಿಲ್ಲ. ಮಲ ಕಪ್ಪಗಾಯಿತು ಅಂತ ಮಾತ್ರೆ ಬಿಸಾಡಲೂ ಬೇಡಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಮೂರು: ನೀರು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದಾಗುವುದು, ದೊಡ್ಡವರ ಮೂಳೆ, ಕೀಲು ಬಿಗಿಯುವುದು ಇದರಿಂದಲೂ ಆಗುತ್ತದೆ. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗೋದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ ಅಂತ ಪಂಚಾಯಿತಿಗೆ ಸಂಘದಿಂದ ಅರ್ಜಿ ಕೊಡೋಣ.

ನಾಲ್ಕು: ಜೊತೆಗೆ ಹೋಗುವುದು. ಒಂಟಿಯಾಗಿ ಆಸ್ಪತ್ರೆಗೆ ಹೋಗಲು ಅಂಜುವವರೇ ನಮ್ಮಲ್ಲಿ ಹೆಚ್ಚು. ಚೀಟಿ ಬರೆಸುವುದಕ್ಕೆ, ಡಾಕ್ಟರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು. ಇದಕ್ಕೆ ಓದು ಬೇಡ, ಮನಸ್ಸಿದ್ದರೆ ಸಾಕು. ವೈದ್ಯಕೀಯ ತುರ್ತಿಗೆಂದು ಸಂಘದಲ್ಲಿ ಸ್ವಲ್ಪ ಹಣವನ್ನೂ ಬೇರೆ ಇಡೋಣ.

ಒಂದು ಎಚ್ಚರಿಕೆ. ನಾವು ಡಾಕ್ಟರಲ್ಲ. ಮಾತ್ರೆ ಕೊಡುವುದು, ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಅನ್ನುವುದು ನಮ್ಮ ಕೆಲಸವಲ್ಲ. ಒಬ್ಬರ ಕಾಯಿಲೆಯನ್ನು ನಲ್ಲಿ ಹತ್ತಿರ ನಾಲ್ಕು ಜನರಿಗೆ ಹೇಳುವುದಂತೂ ಬೇಡವೇ ಬೇಡ.

ಆ ಅಕ್ಕ ಈಗ ಗೋಡೆ ಹಿಡಿದು ನಡೆಯುತ್ತಾರೆ. ಅವರ ದಂಡವನ್ನು ನಾವು ಪುಸ್ತಕದಿಂದ ಹೊಡೆದು ಹಾಕಿದೆವು. ಈಗ ಯಾರಾದರೂ ಸಭೆಗೆ ಬಾರದಿದ್ದರೆ ಮೊದಲು ಮನೆಗೆ ಹೋಗುತ್ತೇವೆ, ದಂಡದ ಮಾತು ಆಮೇಲೆ. ನೀವೂ ಮುಂದಿನ ಸಭೆಯಿಂದಲೇ ಹೀಗೆ ಶುರು ಮಾಡಿ.